ಕಿಡ್ನಿಯ ಒಂದು ಭಾಗ ತೆಗೆದ ಮೇಲೆ ಉಳಿದದ್ದನ್ನು ಕಾಪಾಡಿಕೊಳ್ಳುವ ಬಗೆ

ಶಿವಮೊಗ್ಗದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಊರವರ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ) ನೋಡುತ್ತಲೇ ನೌಕರಿ ಮುಗಿಸಿದವಳು ನಾನು. ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ, ಪಿಕ್ರಿಕ್ ಆಸಿಡ್ಡು, ಸೋಡಿಯಂ ಹೈಡ್ರಾಕ್ಸೈಡು ಸೇರಿಸಿದರೆ ಹಳದಿ ಇದ್ದದ್ದು ಕಿತ್ತಳೆಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕ್ರಿಯಾಟಿನಿನ್ ಜಾಸ್ತಿ. ಮ್ಯಾಕ್ಸ್ ಯಾಫೆ ಎಂಬ ವಿಜ್ಞಾನಿ 1886ರಲ್ಲಿ ಗುರುತಿಸಿದ ಈ ಕ್ರಿಯೆಯನ್ನೇ ಇವತ್ತಿಗೂ ಎಷ್ಟೋ ಲ್ಯಾಬುಗಳು ನಂಬಿಕೊಂಡಿವೆ. ನಿವೃತ್ತಿಯಾದ ಮೇಲೆ, ಗ್ಯಾಸ್ಟ್ರಿಕ್ ಇರಬಹುದೆಂದು ಮಾಡಿಸಿದ ಹೊಟ್ಟೆ ಸ್ಕ್ಯಾನಿನಲ್ಲಿ ನನ್ನದೇ ಬಲ ಕಿಡ್ನಿಯ ಮೇಲೆ 3 ಸೆಂಟಿಮೀಟರಿನ ಗಡ್ಡೆ ಸಿಕ್ಕಿತು. ಇಂಥ ಗಡ್ಡೆಗಳು ಹೆಚ್ಚಾಗಿ ಸಿಗುವುದೇ ಹೀಗೆ, ಬೇರೆ ಯಾವುದಕ್ಕೋ ಹುಡುಕುವಾಗ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆಯನ್ನೂ ಅದರ ಸುತ್ತಲಿನ ತೆಳು ಅಂಚನ್ನೂ ತೆಗೆದು ಉಳಿದ ಕಿಡ್ನಿಯನ್ನು ಹೊಲಿದು ಬಿಟ್ಟರು. ಪಾರ್ಷಿಯಲ್ ನೆಫ್ರೆಕ್ಟಮಿ ಅಂದರೆ ಇಷ್ಟೇ. 4 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗೆ, ಅದು ಇರುವ ಜಾಗ ಅನುಕೂಲವಾಗಿದ್ದರೆ, ಈಗ ಇದನ್ನೇ ಮೊದಲು ಯೋಚಿಸುತ್ತಾರೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಲಹೆಗಳ ಮಳೆಯೇ ಸುರಿಯಿತು. ಬೇಳೆ ಬಿಡಿ, ಟೊಮೇಟೊ ಮುಟ್ಟಬೇಡಿ, ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ, ಇಂಥ ಬೇರಿನ ಕಷಾಯ ಕುಡಿಯಿರಿ. ಉಪ್ಪಿನ ಬಗ್ಗೆ, ಬಿಪಿ ಬಗ್ಗೆ, ನೋವಿನ ಮಾತ್ರೆಯ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಕಿಡ್ನಿ ಉಳಿಯುವುದೂ ಕೆಡುವುದೂ ಈ ಮೂರರ ಮೇಲೆಯೇ ಬಹಳಷ್ಟು ನಿಂತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನಿಮ್ಮ ಮಾತ್ರೆ, ಡೋಸು, ಪಥ್ಯ ಎಲ್ಲ ನಿಮ್ಮ ಯೂರಾಲಜಿಸ್ಟೋ ನೆಫ್ರಾಲಜಿಸ್ಟೋ ಹೇಳಿದಂತೆಯೇ ನಡೆಯಲಿ.

ಹೋದದ್ದೆಷ್ಟು, ಉಳಿದದ್ದೆಷ್ಟು

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನುಗಳಿರುತ್ತವೆ. ರಕ್ತ ಸೋಸುವ ಕೆಲಸ ಇವುಗಳದು. ನಾವು ಹುಟ್ಟಿದ ಮೇಲೆ ಹೊಸದಾಗಿ ಒಂದೂ ಬೆಳೆಯುವುದಿಲ್ಲ. ಆಪರೇಷನ್ನಿನಲ್ಲಿ ಗಡ್ಡೆಯ ಜೊತೆ ಒಂದಿಷ್ಟು ಹೋಗುತ್ತವೆ, ಹೊಲಿಗೆಯ ಕೆಳಗೆ ಸಿಕ್ಕಿ ಇನ್ನೊಂದಿಷ್ಟು ಹೋಗುತ್ತವೆ. ರಕ್ತ ಚಿಮ್ಮದಿರಲೆಂದು ಸ್ವಲ್ಪ ಹೊತ್ತು ರಕ್ತನಾಳಕ್ಕೆ ಕ್ಲಿಪ್ಪು ಹಾಕುತ್ತಾರೆ, ಅದರಿಂದಲೂ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಆ ಹೊತ್ತು 25–30 ನಿಮಿಷದ ಒಳಗಿರಲಿ ಎಂಬುದು ಸರ್ಜನ್‌ಗಳ ಲೆಕ್ಕ. ಇಷ್ಟೆಲ್ಲ ಆದರೂ ಕೊಯ್ದ ಕಿಡ್ನಿಯ ಶಕ್ತಿಯಲ್ಲಿ ಸಾಮಾನ್ಯವಾಗಿ ಶೇ. 80ರಷ್ಟು ಉಳಿಯುತ್ತದೆ. ಇನ್ನೊಂದು ಕಿಡ್ನಿ ಪೂರ್ತಿ ಇದೆ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಕಡಿಮೆಯಾಗುವುದು ಶೇ. 10ರ ಆಸುಪಾಸು. ಇದು ಎರಡು ಕಿಡ್ನಿ ಇದ್ದವರ ಮಾತು. ಇದ್ದ ಒಂದೇ ಕಿಡ್ನಿಯಲ್ಲಿ ಆಪರೇಷನ್ ಆದವರು, ಮೊದಲೇ ಶುಗರ್, ಬಿಪಿಯಿಂದ ಕಿಡ್ನಿ ಸೋತವರು ಶುರುವಿನಿಂದಲೇ ನೆಫ್ರಾಲಜಿಸ್ಟ್ ಹತ್ತಿರ ಹೋಗಬೇಕು, ಕಾಯುವ ಹಾಗಿಲ್ಲ.

ಉಳಿದ ನೆಫ್ರಾನುಗಳು ಹೋದವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಒಂದೊಂದರ ಒಳಗಿನ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಮೇಲಿಂದ ಬಿಪಿ, ಶುಗರ್, ಮೈತೂಕ, ಬೀಡಿ ಸಿಗರೇಟು ಸೇರಿದರೆ ಹತ್ತು ಹದಿನೈದು ವರ್ಷದಲ್ಲಿ ಸವೆಯುತ್ತ ಬರುತ್ತವೆ. ನಾವು ಮಾಡಬೇಕಾದ್ದೆಲ್ಲ ಈ ಒತ್ತಡ ಇಳಿಸುವ ಕೆಲಸ.

ಮೊದಲ ವಾರಗಳು

ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ನೀರು ತುಂಬಿದ ಕೊಡ, ಗ್ಯಾಸ್ ಸಿಲಿಂಡರು, ಮೊಮ್ಮಗು, ಯಾವುದೂ ಬೇಡ. ಹಾಗಂತ ಮಲಗಿಯೇ ಇರುವುದೂ ಸರಿಯಲ್ಲ, ದಿನಾ ನಡೆಯಬೇಕು. ಮಲಬದ್ಧತೆಗೆ ಅವಕಾಶ ಕೊಡಬೇಡಿ, ಮುಕ್ಕಿದರೆ ಹೊಲಿಗೆಗೆ ಒತ್ತಡ.

ಒಂದು ವಿಷಯವನ್ನು ಮನೆಯವರೆಲ್ಲರಿಗೂ ಹೇಳಿಟ್ಟಿರಿ. ಆಪರೇಷನ್ ಆಗಿ ವಾರ, ಎರಡು ವಾರ ಕಳೆದು ಎಲ್ಲ ಸರಿಹೋಯಿತು ಅನ್ನುವಾಗ ಮೂತ್ರ ಕೆಂಪಗಾದರೆ, ಹೆಪ್ಪುಗಟ್ಟಿದ ರಕ್ತ ಬಿದ್ದರೆ, ತಲೆ ಸುತ್ತಿದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೊಯ್ದ ಜಾಗದ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿ ಒಡೆಯುವುದುಂಟು. ಅಪರೂಪ, ಆದರೂ ಹಾಗೇನಾದರೂ ಆಯಿತೆಂದರೆ ಗಂಟೆಗಳ ವಿಷಯ. ಚಳಿಜ್ವರ, ಪಕ್ಕೆಯಲ್ಲಿ ಹೆಚ್ಚುತ್ತಿರುವ ನೋವು, ಡ್ರೈನ್ ಕೊಳವೆ ತೆಗೆದ ಜಾಗದಲ್ಲಿ ನೀರಿನಂತೆ ಸೋರುವುದು, ಇವಕ್ಕೂ ಫೋನ್ ಮಾಡಿ ಕೇಳಿ.

ರಿಪೋರ್ಟ್ ಓದುವುದು

ಇಲ್ಲಿ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ನನ್ನ ಕಸುಬೇ ಅದು.

ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಅದಕ್ಕೇ ಬರೀ ಕ್ರಿಯಾಟಿನಿನ್ 1.0 ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 30 ವರ್ಷದ ಗಂಡಸಿಗೆ 1.0 ಇದ್ದರೆ ಅವನ ಇಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು, 100ರ ಮೇಲಿರುತ್ತದೆ. 62 ವರ್ಷದ ನನಗೆ ಅದೇ 1.0 ಬಂದರೆ 64. ರಿಪೋರ್ಟಿನಲ್ಲಿ ಎರಡೂ ನಾರ್ಮಲ್ ಅಂತಲೇ ಅಚ್ಚಾಗಿರುತ್ತದೆ! ಲ್ಯಾಬಿನವರು ಇಜಿಎಫ್‌ಆರ್ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ, 2021ರ ಸಿಕೆಡಿ-ಎಪಿ ಸೂತ್ರದಲ್ಲಿ. ವಯಸ್ಸು, ಹೆಣ್ಣೋ ಗಂಡೋ, ಕ್ರಿಯಾಟಿನಿನ್ ಎಷ್ಟು, ಇಷ್ಟೇ ಬೇಕಾದ್ದು.

ನನ್ನದು ಆಪರೇಷನ್ನಿಗೆ ಮೊದಲು 0.8 ಇತ್ತು, ಇಜಿಎಫ್‌ಆರ್ 83. ಆಸ್ಪತ್ರೆಯಲ್ಲಿದ್ದಾಗಲೇ 1.2ಕ್ಕೆ ಏರಿತು. ನಮ್ಮನೆಯವರು ಆ ಹಾಳೆ ಹಿಡಿದು ಕೂತುಬಿಟ್ಟರು. ಆಪರೇಷನ್ ಆದ ಹೊಸತರಲ್ಲಿ ಅದು ಏರುವುದು ಸಹಜ. ಪೆಟ್ಟು ತಿಂದ ಕಿಡ್ನಿ ಚೇತರಿಸಿಕೊಳ್ಳಲು ವಾರಗಳು ಬೇಕು. ಮೂರು ತಿಂಗಳ ಹೊತ್ತಿಗೆ ನನ್ನದು 0.9ಕ್ಕೆ ಬಂದು ನಿಂತಿತು, ಇಜಿಎಫ್‌ಆರ್ 72. ಈ ಮೂರು ತಿಂಗಳ ಸಂಖ್ಯೆಯೇ ನಿಮ್ಮ ಹೊಸ ಆಧಾರ. ಮುಂದಿನ ವರ್ಷಗಳಲ್ಲಿ ಏರಿತೋ ಇಳಿಯಿತೋ ಎಂಬುದನ್ನು ಇದರ ಜೊತೆ ಹೋಲಿಸಬೇಕು, ಆಪರೇಷನ್ನಿಗೆ ಮುಂಚಿನದರ ಜೊತೆಯಲ್ಲ.

ಇನ್ನೊಂದು. 1.0 ಇದ್ದದ್ದು 1.1 ಆದರೆ ನನ್ನ ವಯಸ್ಸಿನ ಹೆಂಗಸಿಗೆ ಇಜಿಎಫ್‌ಆರ್ 64ರಿಂದ 57ಕ್ಕೆ ಬೀಳುತ್ತದೆ. 60ರ ಗೆರೆ ದಾಟಿತು, ಕಿಡ್ನಿ ಕಾಯಿಲೆ ಬಂತು ಅಂತ ಮನೆ ತುಂಬ ಗಾಬರಿ. ನಿಜವಾಗಿ ಆ 0.1 ಎಲ್ಲಿಂದ ಬಂತೋ ಯಾರಿಗೆ ಗೊತ್ತು. ಹಿಂದಿನ ರಾತ್ರಿ ಮಟನ್ ಊಟ, ಕಡಿಮೆ ನೀರು, ಜಿಮ್ ಹುಡುಗರಾದರೆ ಕ್ರಿಯಾಟಿನ್ ಪುಡಿ, ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೋಪ್ರಿಮ್ ಇರುವ ಮಾತ್ರೆ, ಯಾವುದೂ ಆಗಬಹುದು. ಯಾಫೆ ವಿಧಾನವನ್ನು ಅತಿಯಾದ ಸಕ್ಕರೆ, ಕೀಟೋನುಗಳು ಕೂಡ ದಾರಿ ತಪ್ಪಿಸುತ್ತವೆ. ಕಿಣ್ವ ಬಳಸುವ ಎನ್‌ಜೈಮ್ಯಾಟಿಕ್ ವಿಧಾನದ ಲ್ಯಾಬಿನಲ್ಲಿ ಅದು ಕಡಿಮೆ. ಆದ್ದರಿಂದ ಪ್ರತಿ ಸಲವೂ ಒಂದೇ ಲ್ಯಾಬು, ಆದಷ್ಟು ಒಂದೇ ಹೊತ್ತು. ಸಂಶಯ ಬಂದರೆ ಕೆಲವು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ. 60ಕ್ಕಿಂತ ಕೆಳಗೆ ಮೂರು ತಿಂಗಳು ಸತತವಾಗಿ ಇದ್ದರೆ ಮಾತ್ರ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುವುದು. ಹಾಗೆ ಆದರೂ, ಆಪರೇಷನ್ನಿನಿಂದ ಇಳಿದ ಜಿಎಫ್‌ಆರ್ ಶುಗರ್ ಬಿಪಿಯಿಂದ ಇಳಿದದ್ದರಷ್ಟು ಬೇಗ ಮುಂದಕ್ಕೆ ಇಳಿಯುವುದಿಲ್ಲ. ಮೈಕೈ ತೀರಾ ಸೊರಗಿದವರಿಗೆ, ತುಂಬ ದಪ್ಪ ಮಾಂಸಖಂಡದವರಿಗೆ ಕ್ರಿಯಾಟಿನಿನ್ ಬದಲು ಸಿಸ್ಟಾಟಿನ್ ಸಿ ಪರೀಕ್ಷೆ ಹೆಚ್ಚು ನಂಬಿಕೆಗೆ ಯೋಗ್ಯ. ಬೆಲೆ ಹೆಚ್ಚು, ಎಲ್ಲ ಊರಲ್ಲೂ ಮಾಡುವುದಿಲ್ಲ.

ಮಾರ್ಚ್ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ ಅಂತ ಲ್ಯಾಬುಗಳು ಪ್ಯಾಕೇಜು ಇಡುತ್ತವಲ್ಲ, ಅದರಲ್ಲಿ ಹೆಚ್ಚಾಗಿ ತಪ್ಪಿಹೋಗುವ ಪರೀಕ್ಷೆ ಎಂದರೆ ಯೂರಿನ್ ಎಸಿಆರ್. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವುದು ಇದು. ಬೆಳಗಿನ ಮೊದಲ ಮೂತ್ರ ಸಾಕು. 30ರ ಒಳಗಿದ್ದರೆ ಒಳ್ಳೆಯದು. ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮುಂಚೆಯೇ ಇದು ಏರಿ ಸುಳಿವು ಕೊಡಬಲ್ಲದು. ಮಾಮೂಲಿ ಯೂರಿನ್ ರೊಟೀನಿನಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಅಷ್ಟು ಸಣ್ಣ ಪ್ರಮಾಣವನ್ನು ಹಿಡಿಯುವುದಿಲ್ಲ. ಜ್ವರ, ಮೂತ್ರದ ಸೋಂಕು ಇದ್ದಾಗ ಕೊಡಬೇಡಿ, ಸುಳ್ಳೇ ಏರಿರುತ್ತದೆ.

ಬಿಪಿ

ತೋಳಿಗೆ ಕಟ್ಟುವ ಮಷೀನು ಮನೆಯಲ್ಲಿರಲಿ, ಮಣಿಕಟ್ಟಿನದು ಬೇಡ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ಮಾತ್ರೆ ನುಂಗುವ ಮೊದಲು, ಕಾಫಿಗೂ ಮೊದಲು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಎತ್ತರಕ್ಕೆ ಇರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಆ ಐದು ನಿಮಿಷ ಮಾತಾಡಬಾರದು. ನಮ್ಮನೆಯವರಿಗೆ ಇದೇ ಕಷ್ಟ, ಪಟ್ಟಿ ಕಟ್ಟಿಕೊಂಡೇ ಪೇಪರಿನ ರಾಜಕೀಯ ಶುರು ಮಾಡುತ್ತಾರೆ, ಹತ್ತು ಪಾಯಿಂಟ್ ಅಲ್ಲೇ ಏರುತ್ತದೆ.

ಹೆಚ್ಚಿನ ಡಾಕ್ಟರುಗಳು 130/80ರ ಒಳಗೆ ಇರಲಿ ಅನ್ನುತ್ತಾರೆ, ತಡೆದುಕೊಳ್ಳಬಲ್ಲವರಿಗೆ ಮೇಲಿನದ್ದು 120ರ ಹತ್ತಿರ ಅನ್ನುವವರೂ ಇದ್ದಾರೆ. ಬಿಪಿಯ ಜೊತೆ ಆಲ್ಬುಮಿನ್ನೂ ಸೋರುತ್ತಿದ್ದರೆ ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ ಮಾತ್ರೆ ಕೊಡುತ್ತಾರೆ. ನೆಫ್ರಾನಿನ ಒಳಗಿನ ಒತ್ತಡವನ್ನೇ ಇಳಿಸುವ ಗುಣ ಅವಕ್ಕಿದೆ. ಶುರು ಮಾಡಿದ ಎರಡು ಮೂರು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಕ್ರಿಯಾಟಿನಿನ್ ಸ್ವಲ್ಪ ಏರಿರುತ್ತದೆ. ಶೇ. 30ರವರೆಗಿನ ಏರಿಕೆಯನ್ನು ಡಾಕ್ಟರುಗಳು ಒಪ್ಪುತ್ತಾರೆ, ಏಕೆಂದರೆ ಒತ್ತಡ ಇಳಿದದ್ದರ ಗುರುತು ಅದು. "ಈ ಮಾತ್ರೆಯಿಂದಲೇ ಕಿಡ್ನಿ ಹಾಳಾಯಿತು" ಎಂದು ನೀವೇ ನಿಲ್ಲಿಸಿಬಿಡಬೇಡಿ.

ಶುಗರ್ ಇದ್ದವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 7ರ ಆಸುಪಾಸು ಸಾಮಾನ್ಯ ಗುರಿ. ವಯಸ್ಸು ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಕಿಡ್ನಿಯನ್ನೂ ಕಾಯುತ್ತದೆಂದು 2020ರ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿದೆ. ನಮ್ಮಲ್ಲಿ ಈಗ ಅಗ್ಗದ ಜೆನೆರಿಕ್‌ಗಳಲ್ಲೂ ಸಿಗುತ್ತದೆ. ನಿಮಗೆ ಹೊಂದುತ್ತದೆಯೇ ಎಂದು ಕೇಳಿ ನೋಡಿ.

ಅಡುಗೆಮನೆ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗೆ, ಅಂದರೆ ಒಂದು ಟೀ ಚಮಚ, ಮಟ್ಟಸವಾಗಿ. ನಮ್ಮ ದೇಶದಲ್ಲಿ ಸರಾಸರಿ 8 ಗ್ರಾಂ ಆಗುತ್ತದೆ. ಚಮಚ ಹಿಡಿದು ಯಾರೂ ಅಡುಗೆ ಮಾಡುವುದಿಲ್ಲ, ಕೈಯಂದಾಜೇ. ಅದಕ್ಕೆ ನಾನು ಪ್ಯಾಕೆಟ್ಟಿನ ಲೆಕ್ಕ ಹಿಡಿದೆ. ಮನೆಯಲ್ಲಿ ಮೂರು ಜನ, ದಿನಕ್ಕೆ 15 ಗ್ರಾಂ, ತಿಂಗಳಿಗೆ 450 ಗ್ರಾಂ. ಒಂದು ಕಿಲೋ ಪ್ಯಾಕೆಟ್ ಎರಡು ತಿಂಗಳು ದಾಟಿ ಬರಬೇಕು. ಪ್ಯಾಕೆಟ್ ಒಡೆದ ತಾರೀಕನ್ನು ಅದರ ಮೇಲೇ ಪೆನ್ನಿನಲ್ಲಿ ಬರೆಯಿರಿ, ಯಾರ ಜೊತೆಯೂ ವಾದ ಬೇಕಾಗುವುದಿಲ್ಲ. ಉಪ್ಪಿನಕಾಯಿ ಹಾಕಲು ತಂದ ಕಲ್ಲುಪ್ಪನ್ನು ಬೇರೆ ಎಣಿಸಿ.

ಮಲೆನಾಡಿನವರಿಗೆ ಅಪ್ಪೆಮಿಡಿ ಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದು ಮಿಡಿಯನ್ನು ಎರಡು ಊಟಕ್ಕೆ ಮಾಡಿಕೊಳ್ಳಿ, ರಸ ಬಡಿಸಿಕೊಳ್ಳಬೇಡಿ, ಉಪ್ಪೆಲ್ಲ ಇರುವುದು ಅಲ್ಲಿ. ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು, ಚಟ್ನಿಪುಡಿ, ಬೇಕರಿಯ ಖಾರಾ ಬಿಸ್ಕತ್ತು, ಇವೆಲ್ಲ ಒಂದೇ ದಿನ ಬೇಡ. ಅನ್ನಕ್ಕೆ, ರೊಟ್ಟಿ ಹಿಟ್ಟಿಗೆ, ಮಜ್ಜಿಗೆಗೆ ಉಪ್ಪು ಹಾಕದೆ ಸಾರು ಪಲ್ಯಕ್ಕೆ ಮಾತ್ರ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಹುಳಿ ಮುಂದಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ತಿಳಿಯುವುದಿಲ್ಲ, ತಂಬುಳಿಗೆ ನಿಂಬೆರಸ ಹಿಂಡಿ ನೋಡಿ. ಇಂದುಪ್ಪು ಕೂಡ ಉಪ್ಪೇ. ಇನ್ನು ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಟೆಲ್ಮಿಸಾರ್ಟನ್ ತಿನ್ನುವವರು, ಇಜಿಎಫ್‌ಆರ್ ಕಡಿಮೆ ಇರುವವರು ಕೇಳದೆ ಅದನ್ನು ತರಬಾರದು.

ಬೇಳೆಯ ವಿಷಯ. ಮೈತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನ್ ಲೆಕ್ಕದಲ್ಲಿ 58 ಕಿಲೋ ಇರುವ ನನಗೆ ದಿನಕ್ಕೆ 46 ಗ್ರಾಂ. 50 ಗ್ರಾಂ ತೊಗರಿಬೇಳೆಯಿಂದ 11, ಹಾಲು ಮೊಸರು ಸೇರಿ 400 ಮಿಲಿಯಿಂದ 13, 150 ಗ್ರಾಂ ಅಕ್ಕಿಯಿಂದ ಸುಮಾರು 10, ರಾಗಿಯೋ ಗೋಧಿಯೋ 100 ಗ್ರಾಂನಿಂದ ಇನ್ನೊಂದು 7ರಿಂದ 10. ನೋಡಿ, ನಮ್ಮ ಮಾಮೂಲಿ ಊಟ ತಾನಾಗಿಯೇ ಆ ಗೆರೆಯ ಹತ್ತಿರ ನಿಲ್ಲುತ್ತದೆ. ಬೇಳೆ ಬಿಟ್ಟರೆ ಮೈ ಸೊರಗುತ್ತದೆ, ಕಿಡ್ನಿಗೇನೂ ಲಾಭವಿಲ್ಲ. ಬಿಡಬೇಕಾದ್ದು ಡಬ್ಬಿಯ ಪ್ರೋಟೀನ್ ಪುಡಿ. ಟೊಮೇಟೊ, ಬಾಳೆಹಣ್ಣು, ಎಳನೀರು ಬೇಡ ಅನ್ನುವುದು ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ, ಡಯಾಲಿಸಿಸ್‌ನವರಿಗೆ ಹೇಳಿದ ಮಾತು. ನಿಮ್ಮ ಪೊಟ್ಯಾಸಿಯಂ ಸರಿಯಿದ್ದರೆ ಅವರ ಪಥ್ಯವನ್ನು ನೀವೇಕೆ ಮಾಡಬೇಕು?

ನೀರಿನ ಬಗ್ಗೆ ಚಿಕ್ಕದಾಗಿ: ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಿರಿ. ಹೆಚ್ಚಿನವರಿಗೆ ಅದು ಎರಡು, ಎರಡೂವರೆ ಲೀಟರ್. ಕಿಡ್ನಿ ಸೋತವರಿಗೆ ಹೆಚ್ಚು ನೀರು ಕುಡಿಸಿ ನೋಡಿದ ಕೆನಡಾದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಏನೂ ಲಾಭ ಕಾಣಲಿಲ್ಲ. ಹೃದಯ ದುರ್ಬಲವಿರುವವರು ಡಾಕ್ಟರು ಹೇಳಿದ ಅಳತೆ ಮೀರಬಾರದು.

ನೋವಿನ ಮಾತ್ರೆ

"ಅಮ್ಮ, ಮಂಡಿ ನೋವಿಗೆ ಇದೊಂದು ತಗೊಳ್ಳಿ, ಗ್ಯಾಸ್ಟ್ರಿಕ್ ಆಗದ ಹಾಗೆ ಇದೂ ಒಂದಿರಲಿ." ಮೆಡಿಕಲ್ ಶಾಪಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾನೆ. ಸ್ಟ್ರಿಪ್ಪನ್ನು ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ನಿಮೆಸುಲೈಡ್, ಕೆಟೊರೊಲ್ಯಾಕ್, ಮೆಫೆನಾಮಿಕ್ ಆಸಿಡ್, ಎಟೊರಿಕಾಕ್ಸಿಬ್, ಇವುಗಳಲ್ಲಿ ಒಂದು ಕಂಡರೂ ವಾಪಸ್ ಕೊಡಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ, ಜೀರೋಡಾಲ್-ಪಿಯಲ್ಲಿ ಅಸಿಕ್ಲೋಫೆನಾಕ್ ಇದೆ. ಹೆಸರು ನೋಡಿ ಗೊತ್ತಾಗುವುದಿಲ್ಲ. ಬರೀ ಪ್ಯಾರಸಿಟಮಾಲ್ ಹೇಳಿದ ಡೋಸಿನಲ್ಲಿ ಪರವಾಗಿಲ್ಲ. ಹೃದಯಕ್ಕೆಂದು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಬೇರೆ ವಿಷಯ, ಅದನ್ನು ನೀವಾಗಿ ನಿಲ್ಲಿಸಬೇಡಿ.

ಕಾರಣ ತಿಳಿದರೆ ನೆನಪಿರುತ್ತದೆ. ಅಡಿಕೆ ತೋಟಕ್ಕೆ ನೀರು ಬರುವ ತೂಬು ಒಂದು, ಹೊರಗೆ ಹೋಗುವ ತೂಬು ಒಂದು ಅಂದುಕೊಳ್ಳಿ. ನೋವಿನ ಮಾತ್ರೆ ಒಳಬರುವ ತೂಬನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರಹೋಗುವ ತೂಬನ್ನು ಅಗಲಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಕಾಲುವೆಯ ನೀರನ್ನೇ ಇಳಿಸುತ್ತದೆ. ಮೂರೂ ಸೇರಿದ ದಿನ ವಾಂತಿ ಭೇದಿಯೂ ಆಯಿತೋ, ಸೋಸಲು ಬೇಕಾದ ಒತ್ತಡವೇ ಉಳಿಯದೆ ಕಿಡ್ನಿ ಕೆಲಸ ನಿಲ್ಲಿಸಬಹುದು. ನೀರು ಸಿಕ್ಕಾಗ ಹೆಚ್ಚಿನವರಿಗೆ ಮತ್ತೆ ಚೇತರಿಸುತ್ತದೆ, ಆದರೆ ಪ್ರತಿ ಪೆಟ್ಟಿಗೂ ಸ್ವಲ್ಪ ಸ್ವಲ್ಪ ನಷ್ಟ.

ಆದ್ದರಿಂದ ಆರೋಗ್ಯವಾಗಿದ್ದಾಗಲೇ ಡಾಕ್ಟರನ್ನು ಕೇಳಿ ಬರೆಸಿಟ್ಟುಕೊಳ್ಳಿ: ವಾಂತಿ ಭೇದಿ, ಊಟವಿಲ್ಲದ ಜ್ವರ ಬಂದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು? ಟೆಲ್ಮಿಸಾರ್ಟನ್ ಥರದವು, ಮೂತ್ರದ ಮಾತ್ರೆ, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಈ ನಾಲ್ಕರ ಬಗ್ಗೆ ಹೆಸರು ಹಿಡಿದೇ ಕೇಳಿ. ಮನೆಯಲ್ಲಿ ಒಆರ್‌ಎಸ್ ಪ್ಯಾಕೆಟ್ ಇರಲಿ.

ಆ ಜೊತೆಗೆ ಕೊಡುವ ಗ್ಯಾಸ್ಟ್ರಿಕ್ ಮಾತ್ರೆ, ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಅದನ್ನೂ ವರ್ಷಗಟ್ಟಲೆ ಬೆಳಗಿನ ಕಾಫಿಯಂತೆ ನುಂಗುವವರಿದ್ದಾರೆ. ಕೆಲವರಿಗೆ ಅದರಿಂದ ಕಿಡ್ನಿಯಲ್ಲಿ ಉರಿಯೂತ ಆಗುತ್ತದೆ. ಬೇಕೇ ಬೇಕೆ ಎಂದು ಒಮ್ಮೆ ಕೇಳಿ.

ಬೇರು, ಭಸ್ಮ, ಹುಳಿ

ನಾಟಿ ಔಷಧಿಯ ಮೇಲೆ ನನಗೆ ದ್ವೇಷವಿಲ್ಲ, ಆದರೆ ಕೆಲವು ಹೆಸರು ಹೇಳಲೇಬೇಕು. ಈಶ್ವರಿ ಬೇರಿನ ಗಿಡದ ಕುಲದಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಎಂಬ ವಿಷವಿದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಆ ಕುಲದ ಗಿಡ ಬೆರೆತ ಮಾತ್ರೆ ತಿಂದ ಹೆಂಗಸರ ಕಿಡ್ನಿ ಹೋಯಿತು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ಪಾದರಸ, ಸೀಸ ಇರುವ ಭಸ್ಮಗಳು ಬೇಡವೇ ಬೇಡ.

ಹಿತ್ತಲಲ್ಲಿ ಬೆಳೆಯುವ ಬಿಂಬುಳಿಯ ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಸಾರಿಗೆ ಎರಡು ಹಾಕಿದರೆ ಏನೂ ಆಗದು. ಕೊಲೆಸ್ಟರಾಲ್ ಇಳಿಯಲೆಂದು ಅದರ ರಸವನ್ನು ಲೋಟಗಟ್ಟಲೆ ಕುಡಿದವರಿಗೆ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿ ಏಕಾಏಕಿ ಕೈಕೊಟ್ಟದ್ದು ಕೇರಳದಿಂದ ವರದಿಯಾಗಿದೆ. ಧಾರೆಹುಳಿಯದೂ (ಸ್ಟಾರ್ ಫ್ರೂಟ್) ಅದೇ ಕಥೆ, ಮೇಲಾಗಿ ಕಿಡ್ನಿ ಸೋತವರಿಗೆ ಅದು ಬಿಕ್ಕಳಿಕೆ, ಗೊಂದಲ, ಫಿಟ್ಸ್‌ವರೆಗೂ ಒಯ್ಯುತ್ತದೆ. ನನ್ನ ತಮ್ಮ ಸಾಗರದಿಂದ ಬಂದಾಗ "ಅಕ್ಕ, ಧಾರೆಹುಳಿ ಜ್ಯೂಸ್ ಕಿಡ್ನಿ ತೊಳೆಯತ್ತಂತೆ" ಎಂದು ಒಂದು ಚೀಲ ತಂದಿದ್ದ. ಗೊಜ್ಜು ಮಾಡಿ ಅವನಿಗೇ ಬಡಿಸಿದೆ.

ಸ್ಕ್ಯಾನು, ಫೈಲು

ಗಡ್ಡೆ ಮರಳಿದೆಯೇ ಎಂದು ನೋಡಲು ಹೊಟ್ಟೆ, ಎದೆಯ ಸ್ಕ್ಯಾನು ಆಗಾಗ ಆಗುತ್ತದೆ. ಎಷ್ಟು ತಿಂಗಳಿಗೊಮ್ಮೆ ಎಂಬುದು ಬಯಾಪ್ಸಿ ವರದಿಯ ಮೇಲೆ ನಿರ್ಧಾರ. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಕಿಡ್ನಿ ಸುಡುತ್ತದೆ ಎಂದು ಹೆದರಿ ಸ್ಕ್ಯಾನನ್ನೇ ತಪ್ಪಿಸುವವರನ್ನು ಕಂಡಿದ್ದೇನೆ. ಇಜಿಎಫ್‌ಆರ್ 30ರ ಮೇಲಿದ್ದರೆ ಆ ಅಪಾಯ ಬಹಳ ಕಡಿಮೆ. ಇತ್ತೀಚಿನ ಕ್ರಿಯಾಟಿನಿನ್ ತೋರಿಸಿ, ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ ಹೇಳಿ, ಹಿಂದಿನ ದಿನ ನೋವಿನ ಮಾತ್ರೆ ಬೇಡ, ಬಾಯಾರಿ ಹೋಗಬೇಡಿ.

ಫೈಲಿನ ಮೊದಲ ಹಾಳೆಯಲ್ಲಿ ಇಷ್ಟು ಬರೆದಿಡಿ: ಯಾವ ಕಡೆಯ ಕಿಡ್ನಿ, ಆಪರೇಷನ್ ತಾರೀಕು, ಮೂರನೇ ತಿಂಗಳ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್, ಕೊನೆಯ ಎಸಿಆರ್, ಈಗಿನ ಮಾತ್ರೆಗಳು, ಬೇಡವಾದ ಮಾತ್ರೆಗಳು. ಅದರ ಫೋಟೋ ಮಗ, ಸೊಸೆಯ ಮೊಬೈಲಿನಲ್ಲೂ ಇರಲಿ. ಮಂಡಿ ನೋವಿಗೆ ಮೂಳೆ ಡಾಕ್ಟರ ಹತ್ತಿರ ಹೋದಾಗ ಮೊದಲು ತೋರಿಸಬೇಕಾದ್ದು ಎಕ್ಸ್‌ರೇ ಅಲ್ಲ, ಈ ಹಾಳೆ. ಹಲ್ಲು ಕೀಳಿಸಲು ಹೋದಾಗಲೂ ಅಷ್ಟೇ. ಹಲ್ಲುನೋವಿಗೆ ಕೆಟೊರೊಲ್ಯಾಕ್ ಬರೆಯುವುದು ಮಾಮೂಲು. ಬಾಯಲ್ಲಿ ಹತ್ತಿ ಕಚ್ಚಿಕೊಂಡ ಮೇಲೆ ಹೇಳಲು ಆಗುವುದಿಲ್ಲ, ಕುರ್ಚಿ ಹತ್ತುವ ಮೊದಲೇ ಕೈಗೆ ಕೊಡಿ.